ದೇವರನ್ನು ನಂಬುವ ನೀವು ದಯಾಮರಣವನ್ನು ಹೇಗೆ ಒಪ್ಪುತ್ತೀರಿ?

ನಾನು ದಿನಾ ದೇವರಿಗೆ ದೀಪ ಹಚ್ಚುವವಳು. ನನ್ನ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಹೇಳಿಡುವ ಲಿವಿಂಗ್ ವಿಲ್ ಕೂಡ ಬರೆದಿಟ್ಟಿದ್ದೇನೆ. ವಿಷಯ ಗೊತ್ತಾದವರೆಲ್ಲ ಈ ಪ್ರಶ್ನೆ ಕೇಳುತ್ತಾರೆ.

ನಮ್ಮಜ್ಜಿಯಿಂದಲೇ ಶುರು ಮಾಡುತ್ತೇನೆ. ಕೊನೆಗಾಲದಲ್ಲಿ ಅವರು "ಊಟ ಬಿಟ್ಟರು". ಊರಲ್ಲಿ ಹಾಗೇ ಹೇಳುತ್ತಿದ್ದರು. ಯಾರೂ ಬಾಯಿಗೆ ತುರುಕಲಿಲ್ಲ. ತುಟಿ ಒಣಗಿದಾಗ ಒದ್ದೆ ಬಟ್ಟೆ ಒತ್ತುತ್ತಿದ್ದರು, ಕೊನೆಗೆ ತುಳಸಿ ನೀರು ಬಿಟ್ಟರು. ಅದನ್ನು ಯಾರೂ ಪಾಪ ಅನ್ನಲಿಲ್ಲ. ಸಾಯಿಸುವುದು ಬೇರೆ, ಹೊರಟವರನ್ನು ಹೋಗಲು ಬಿಡುವುದು ಬೇರೆ ಅಂತ ಆ ಮನೆಗೆ ಗೊತ್ತಿತ್ತು.

ಧರ್ಮಗಳು ಹೇಳುವುದೂ ಇದಕ್ಕೆ ಹತ್ತಿರವೇ ಇದೆ. ವೈದ್ಯರು ಕೇಳಿದಾಗ ಪೋಪ್ 12ನೇ ಪಯಸ್, ಅಸಾಧಾರಣ ಚಿಕಿತ್ಸೆಯಿಂದ ಜೀವ ಎಳೆಯಲೇಬೇಕು ಅಂತಿಲ್ಲ ಎಂದು 1957ರಲ್ಲೇ ಉತ್ತರಿಸಿದ್ದರು. ವಿನೋಬಾ ಭಾವೆ 1982ರಲ್ಲಿ ಅನ್ನ, ಔಷಧಿ ಎರಡನ್ನೂ ಬಿಟ್ಟು ಹೋದರು. ಅನ್ನ ನೀರು ಬಿಡುತ್ತಾ ಸಾವನ್ನು ಎದುರುಗೊಳ್ಳುವ ಜೈನರ ವ್ರತ ಸಲ್ಲೇಖನವನ್ನಂತೂ ಶ್ರವಣಬೆಳಗೊಳದ ಚಂದ್ರಗಿರಿ ಬೆಟ್ಟದ ಶಾಸನಗಳಲ್ಲೇ ಓದಬಹುದು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ನನಗೆ ಬಹಳ ಹಿಡಿಸಿದ ಮಾತೊಂದು ಜೈನ ಶಾಸ್ತ್ರದಲ್ಲಿದೆ. ಸಲ್ಲೇಖನ ಹಿಡಿದವರು ಇನ್ನೂ ಬದುಕಬೇಕು ಅಂತ ಆಸೆಪಟ್ಟರೆ ವ್ರತಕ್ಕೆ ದೋಷ. ಬೇಗ ಸಾಯಬೇಕು ಅಂತ ಆಸೆಪಟ್ಟರೂ ದೋಷವೇ!

ಇಷ್ಟು ಸುಲಭವಾಗಿದ್ದರೆ ಅರುಣಾ ಶಾನಭಾಗರ ಕಥೆ ನನ್ನನ್ನು ಇಷ್ಟು ಕಾಡುತ್ತಿರಲಿಲ್ಲ. ಹೊನ್ನಾವರದ ಹಳದೀಪುರದ ಹೆಣ್ಣುಮಗಳು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್‌ನಲ್ಲಿ ಅಲ್ಲಿನ ಕೆಲಸಗಾರನೊಬ್ಬನ ಹಲ್ಲೆಯಿಂದ ಮೆದುಳಿಗೆ ಪೆಟ್ಟಾಗಿ, 2015ರವರೆಗೂ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ವೆಂಟಿಲೇಟರ್ ಇರಲಿಲ್ಲ. ಊಟ ಕೊಡುವುದನ್ನು ನಿಲ್ಲಿಸಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಕೋರ್ಟಿಗೆ ಹೋದರು. ನರ್ಸ್‌ಗಳು ಬೇಡವೇ ಬೇಡ ಎಂದರು. ಅಷ್ಟು ವರ್ಷ ಮೈಯಲ್ಲಿ ಒಂದು ಹುಣ್ಣೂ ಆಗದ ಹಾಗೆ ನೋಡಿಕೊಂಡವರು ಅವರು. 2011ರಲ್ಲಿ ಸುಪ್ರೀಂ ಕೋರ್ಟ್ ಅವರ ಮಾತನ್ನೇ ಎತ್ತಿಹಿಡಿಯಿತು. ಆದರೆ ಕೃತಕ ಜೀವಾಧಾರ ನಿಲ್ಲಿಸುವ ದಾರಿಯನ್ನು ತೆರೆದದ್ದೂ ಅದೇ ತೀರ್ಪು.

ಅಲ್ಲಿ ಯಾರೂ ಶಾಸ್ತ್ರ ಹಿಡಿದು ಜಗಳವಾಡಲಿಲ್ಲ ಅಲ್ವಾ? ಎರಡೂ ಕಡೆ ಇದ್ದದ್ದು ಪ್ರೀತಿ. ಅರುಣಾಗೆ ಏನು ಬೇಕಿತ್ತು ಅನ್ನುವುದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಅದಕ್ಕೇ ನಾನು ಬರೆದಿಟ್ಟೆ. ಸುಪ್ರೀಂ ಕೋರ್ಟಿನ 2018ರ ತೀರ್ಪು ಲಿವಿಂಗ್ ವಿಲ್‌ಗೆ ಒಪ್ಪಿಗೆ ಕೊಟ್ಟಿತು. 2023ರಿಂದ ಮ್ಯಾಜಿಸ್ಟ್ರೇಟ್ ಹತ್ತಿರ ಅಲೆಯಬೇಕಾಗಿಲ್ಲ, ಇಬ್ಬರು ಸಾಕ್ಷಿ ಮತ್ತು ನೋಟರಿ ಸಾಕು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ.

ಇಂಜೆಕ್ಷನ್ ಕೊಟ್ಟು ಸಾಯಿಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಾನೂನೂ ಒಪ್ಪುವುದಿಲ್ಲ. ಇದು ಬರೀ ದೇವರ ಭಯ ಅಲ್ಲ. "ನಿಮಗೆಲ್ಲ ಭಾರ ಆಗಿಬಿಟ್ಟೆ" ಅಂತ ನಮ್ಮ ಮನೆಗಳ ಹಿರಿಯರು ಎಷ್ಟು ಸಲ ಹೇಳುತ್ತಾರೆ! ಆಸ್ಪತ್ರೆ ಬಿಲ್ ನೋಡಿ, ಮಗನ ಮುಖ ನೋಡಿ ಕೇಳುವ ಸಾವನ್ನು ಅವರ ಸ್ವಂತ ಇಷ್ಟ ಅಂತ ನಾನು ಹೇಗೆ ನಂಬಲಿ?

ಗುಣವಾಗುವ ಆಸೆಯೇ ಇಲ್ಲ ಅಂತಾದರೆ ವೆಂಟಿಲೇಟರ್ ಹಾಕಬೇಡಿ, ಹಾಕಿದ್ದರೆ ತೆಗೆಯಿರಿ ಅಂತ ಬರೆದಿದ್ದೇನೆ. ನೋವಿನ ಔಷಧಿ ಕಡಿಮೆ ಮಾಡಬೇಡಿ ಅಂತಲೂ ಬರೆದಿದ್ದೇನೆ. ಕೊನೆಯ ಸಾಲು ಅಜ್ಜಿಯ ನೆನಪಿನದು: ತುಟಿ ಒಣಗಿದರೆ ಒದ್ದೆ ಬಟ್ಟೆ ಒತ್ತಿ.