ಬಾಡಿಗೆ ರಸೀದಿಯ ಪಾಠ

ಮುಂಬೈ ಫೋರ್ಟಿನ ನಮ್ಮ ಕನ್ನಡ ರಾತ್ರಿ ಶಾಲೆಯಲ್ಲಿ ಪೌರನೀತಿ ಹೇಳಿಕೊಡುತ್ತಿದ್ದ ಮಾಸ್ಟ್ರು ಹಗಲು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. ನಾವೂ ಹಾಗೆಯೇ, ಹಗಲೆಲ್ಲ ಕ್ಯಾಂಟೀನಿನಲ್ಲೋ ಆಫೀಸಿನಲ್ಲೋ ದುಡಿದು ಬರುವವರು. ನಿದ್ದೆಗಣ್ಣಿನ ಹುಡುಗರಿಗೆ ಸಂವಿಧಾನದ ವಿಧಿ ಹೇಳಿದರೆ ತಲೆಗೆ ಹೋಗುತ್ತಾ? ಅದಕ್ಕೇ ಅವರು ಗಿರ್ಗಾಂವಿನ ಒಂದು ಚಾಳಿನ, ಅಂದರೆ ಸಾಲು ಕೋಣೆಗಳ ಹಳೆಯ ಬಾಡಿಗೆ ಕಟ್ಟಡದ, ಬಾಡಿಗೆ ರಸೀದಿ ತಂದು ಬೋರ್ಡಿನ ಮೇಲೆ ಬರೆದರು. ಒಂದು ಖೋಲಿಗೆ (ಕೋಣೆಗೆ) ತಿಂಗಳಿಗೆ 20 ರೂಪಾಯಿ ಚಿಲ್ಲರೆ. "ಇಷ್ಟು ಕಮ್ಮಿ ಯಾಕೆ? ಉಳಿದದ್ದು ಯಾರ ಜೇಬಿನಿಂದ ಹೋಗ್ತಿದೆ?" ಎಂದು ಕೇಳಿದರು.

ಕಾರಣ 1947ರ ಬಾಂಬೆ ಬಾಡಿಗೆ ಕಾಯ್ದೆ. ಯುದ್ಧಕಾಲದಿಂದ ಮನೆಗಳಿಗೆ ಬರ. ಹಾಗಾಗಿ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೇ ಕಟ್ಟಿಹಾಕಿದ್ದರು. ಬಾಡಿಗೆದಾರ ಉಳಿದುಕೊಂಡ. ಮಾಲೀಕ ರಿಪೇರಿ ನಿಲ್ಲಿಸಿದ. ಖೋಲಿ ಒಬ್ಬರಿಂದ ಇನ್ನೊಬ್ಬರ ಕೈಗೆ ಹೋಗುವಾಗ ಪಗಡಿ ಎಂದು ರಸೀದಿಯಿಲ್ಲದ ಹಣ ಓಡಾಡತೊಡಗಿತು.

ಆ ಪ್ರಶ್ನೆಯ ಬೆನ್ನು ಹತ್ತಿ ಅರ್ಥಶಾಸ್ತ್ರ ಓದಿದೆ. ಆಮೇಲೆ ಚರ್ಚ್‌ಗೇಟಿನ ಸರ್ಕಾರಿ ಲಾ ಕಾಲೇಜು ಸೇರಿದೆ. ಎರಡು ದೋಣಿಯಲ್ಲಿ ಕಾಲಿಡಬೇಡ ಎಂದು ಊರಿನವರು ಬುದ್ಧಿ ಹೇಳಿದರು. ಆದರೆ ಅದೇ ಕಾಲೇಜಿಗೆ 1935ರಲ್ಲಿ ಅಂಬೇಡ್ಕರ್ ಪ್ರಿನ್ಸಿಪಾಲರಾಗಿದ್ದರು. ಅದಕ್ಕೂ ಮೊದಲು ಸಿಡ್ನಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದ್ದರು. ರೂಪಾಯಿಯ ವಿಚಾರವಾಗಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯ ಹೇಳಿದ್ದರು. ರೈತರಿಂದ ಮಧ್ಯವರ್ತಿಗಳು ಕಂದಾಯ ವಸೂಲಿ ಮಾಡುತ್ತಿದ್ದ ಕೊಂಕಣದ ಖೋತಿ ಪದ್ಧತಿ ತೆಗೆಯಬೇಕೆಂದು 1937ರಲ್ಲಿ ಮಸೂದೆ ತಂದವರೂ ಅವರೇ. ಇದನ್ನು ಓದಿದ ಮೇಲೆ ಊರಿನವರ ಮಾತು ನನ್ನನ್ನು ಅಷ್ಟಾಗಿ ಕಾಡಲಿಲ್ಲ.

ವಕೀಲಿ ಶುರು ಮಾಡಿದ್ದು ಬಾಡಿಗೆ ತಗಾದೆಗಳು ನಡೆಯುವ ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ. 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ದೊಡ್ಡ ತೀರ್ಪು ಬಂತು: ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ. ಉಡುಪಿ ಕಡೆಯ ವಕೀಲರಿಗೆಲ್ಲ ಆ ಹೆಸರು ಕೇಳಿ ಸುಮ್ನೆ ಖುಷಿ! ಬಾಡಿಗೆ ಏರದಂತೆ ಕಟ್ಟಿದ ಕಲಮುಗಳು ಕಾಲ ಕಳೆದಂತೆ ನ್ಯಾಯವಲ್ಲದ್ದಾಗಿವೆ ಎಂದು ಕೋರ್ಟ್ ಹೇಳಿತು. ಕಾಯ್ದೆಯ ಅವಧಿ 1998ರ ಮಾರ್ಚ್‌ಗೆ ಮುಗಿಯಲಿತ್ತು, ಹಾಗಾಗಿ ರದ್ದು ಮಾಡಲಿಲ್ಲ.

ಆಮೇಲೆ ಬಂದ 1999ರ ಕಾಯ್ದೆ ವರ್ಷಕ್ಕೆ ಶೇ. 4ರಷ್ಟು ಏರಿಕೆಗೆ ಒಪ್ಪಿತು. 50 ರೂಪಾಯಿ ಬಾಡಿಗೆಗೆ ಎರಡೇ ರೂಪಾಯಿ ಜಾಸ್ತಿ, ಒಂದು ಚಹಾಕ್ಕೂ ಸಾಲದು. ಹಾಗಂತ ಮಿತಿಯನ್ನೇ ತೆಗೆದರೆ ಗಿರ್ಗಾಂವ್, ಲಾಲ್‌ಬಾಗಿನ ಮುದುಕರು ಎಲ್ಲಿಗೆ ಹೋಗಬೇಕು? ನಾನು ಕೋರ್ಟು ಬಿಟ್ಟು ನೀತಿ ಸಲಹೆಯ ಕೆಲಸಕ್ಕೆ ಇಳಿದದ್ದು ಇಂಥ ಲೆಕ್ಕಗಳಿಗಾಗಿಯೇ. ಕಾನೂನಿನ ಕರಡು ಬರೆಯಲು ಕೂತರೆ ಓದಿದ ಅರ್ಥಶಾಸ್ತ್ರ "ಮಿತಿ ತೆಗೆ" ಅನ್ನುತ್ತದೆ. ಕೋರ್ಟಿನ ಅನುಭವ "ನೋಟಿಸಿಗೆ ಎಷ್ಟು ದಿನ? ಅಪೀಲು ಎಲ್ಲಿ?" ಎಂದು ತಡೆಯುತ್ತದೆ. ಬಾಡಿಗೆಯನ್ನು ಹಂತಹಂತವಾಗಿ ಏರಿಸಬೇಕು, ಬಡ ಬಾಡಿಗೆದಾರರ ಹೊರೆಯನ್ನು ಸರ್ಕಾರ ಹೊರಬೇಕು ಎಂಬುದು ನನ್ನ ಅಭಿಪ್ರಾಯ. ಮನೆ ಮಾಲೀಕನೊಬ್ಬನ ತಲೆಗೆ ಅದನ್ನು ಕಟ್ಟುವುದು ಸರಿಯಲ್ಲ, ಅಲ್ವಾ? ಹೀಗೆ ಹೇಳಿದಾಗೆಲ್ಲ ಎರಡೂ ಕಡೆಯವರಿಂದ ಬೈಸಿಕೊಂಡಿದ್ದೇನೆ.

ಶಾಲೆಯ ಮಕ್ಕಳಲ್ಲಿ ಯಾರಿಗಾದರೂ ಈ ಕೆಲಸದಲ್ಲಿ ಆಸಕ್ತಿ ಇದ್ದರೆ ಶನಿವಾರ ಸಂಜೆ ಬನ್ನಿ. ಮಸೂದೆಯ ಜೊತೆ ಬರುವ, ಅದರಿಂದ ಸರ್ಕಾರಕ್ಕೆ ಆಗುವ ಖರ್ಚು ಹೇಳುವ ಹಣಕಾಸು ಟಿಪ್ಪಣಿ ಓದುವುದು ಹೇಗೆಂದು ಮೊದಲು ಹೇಳಿಕೊಡುತ್ತೇನೆ. ಕ್ಯಾಲ್ಕುಲೇಟರ್ ತನ್ನಿ.