ಸಮಾರ್ಯದವನು ಮತ್ತೆ ಬರುತ್ತೇನೆ ಅಂದಿದ್ದ

ಜುಲೈ ತಿಂಗಳು. ತೀರ್ಥಹಳ್ಳಿಯ ಚಿಕ್ಕಮ್ಮನ ಮನೆಗೆ ಹೋಗಿ ಸಂಜೆ ವಾಪಸ್ ಬರುತ್ತಿದ್ದೆವು. ಮಂಡಗದ್ದೆ ದಾಟಿದ ಮೇಲೆ ಮಳೆ ಎಷ್ಟು ಜೋರಾಯಿತು ಅಂದರೆ ವೈಪರ್ ಹಾಕಿದರೂ ರಸ್ತೆ ಕಾಣುತ್ತಿರಲಿಲ್ಲ. ಒಂದು ತಿರುವಿನಲ್ಲಿ ಬೈಕ್ ಬಿದ್ದಿತ್ತು, ಪಕ್ಕದ ಚರಂಡಿಯಲ್ಲಿ ಒಬ್ಬರು. ನಮ್ಮ ಮುಂದಿದ್ದ ಎರಡು ಕಾರು ನಿಧಾನ ಮಾಡಿ, ನೋಡಿ, ಹೋಗಿಬಿಟ್ಟವು. ನಮ್ಮನೆಯವರು "ಪೊಲೀಸು, ಕೋರ್ಟು ಅಂತ ಅಲೆಯಬೇಕಾಗುತ್ತೆ ಕಣೇ" ಅಂದರು. ಅನ್ನುತ್ತಲೇ ಬ್ರೇಕ್ ಹಾಕಿದರು.

ಈ ಹೆದರಿಕೆ ತುಂಬಾ ಜನರಿಗಿದೆ, ಅದಕ್ಕೇ ಇಲ್ಲೇ ಹೇಳುತ್ತೇನೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಒಂದು ಕಲಂ ಸೇರಿಸಿದ್ದಾರೆ. ಅಪಘಾತದಲ್ಲಿ ಬಿದ್ದವರಿಗೆ ಏನೂ ಬಯಸದೆ ನೆರವಾದವರಿಗೆ ಅದು ರಕ್ಷಣೆ ಕೊಡುತ್ತದೆ. ಕಾನೂನು ಅವರನ್ನು ಕರೆಯೋದೇ 'ಗುಡ್ ಸಮಾರಿಟನ್' ಅಂತ. ಯೇಸು ಹೇಳಿದ ಕಥೆಯ ಅದೇ ಸಮಾರ್ಯದವನು.

ಚರಂಡಿಯಲ್ಲಿ ಬಿದ್ದಿದ್ದವರನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿ, ಅವರ ಹೆಂಡತಿಗೆ ಫೋನ್ ಮಾಡಿ, ಆಕೆ ಬಂದ ಮೇಲೆ ಕೈಗೆ ಐನೂರು ರೂಪಾಯಿ ಕೊಟ್ಟು ಮನೆಗೆ ಬಂದೆವು. ಮನಸ್ಸಿಗೆ ಸಮಾಧಾನ ಆಯಿತು, ನಿದ್ದೆಯೂ ಬಂತು.

ಆ ಭಾನುವಾರ ಚರ್ಚಿನಲ್ಲಿ ಲೂಕನ ಸುವಾರ್ತೆಯ 10ನೇ ಅಧ್ಯಾಯ ಓದಿದರು. ಚಿಕ್ಕಂದಿನಿಂದ ಕೇಳಿದ ಕಥೆ. ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಬಿಸಾಕಿದ್ದಾರೆ. ಯಾಜಕ ಬರುತ್ತಾನೆ, ದೇವಾಲಯದ ಸೇವೆ ಮಾಡುವ ಲೇವಿಯ ಬರುತ್ತಾನೆ, ಇಬ್ಬರೂ ಆಚೆ ಬದಿಯಿಂದ ಹೋಗುತ್ತಾರೆ. ಯೆಹೂದ್ಯರು ದೂರ ಇಟ್ಟಿದ್ದ ಜಾತಿಯ ಸಮಾರ್ಯದವನು ನಿಲ್ಲುತ್ತಾನೆ, ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುತ್ತಾನೆ. ನಾನು ಯಾವಾಗಲೂ ಕಥೆ ಇಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತಿದ್ದೆ. ಆದರೆ ಅವನು ಗಾಯಾಳುವನ್ನು ಛತ್ರಕ್ಕೆ ಕರೆದುಕೊಂಡು ಹೋಗಿ ಆರೈಕೆ ಮಾಡುತ್ತಾನೆ. ಮರುದಿನ ಛತ್ರದವನಿಗೆ ಎರಡು ದಿನಾರಿ ಕೊಡುತ್ತಾನೆ, ಅಂದರೆ ಆಗಿನ ಕಾಲದ ಕೂಲಿಯವನ ಎರಡು ದಿನದ ಸಂಬಳ. ಇದಕ್ಕಿಂತ ಜಾಸ್ತಿ ಖರ್ಚಾದರೆ ವಾಪಸ್ ಬಂದಾಗ ನಾನೇ ಕೊಡುತ್ತೇನೆ ಅನ್ನುತ್ತಾನೆ. ವಾಪಸ್ ಬಂದಾಗ! ಆ ಮಾತು ಕೇಳಿ ಬೆಂಚಿನಲ್ಲಿ ಕೂತಿದ್ದ ನನಗೆ ಹೊಟ್ಟೆಯೊಳಗೆ ಏನೋ ಚುರುಕ್ ಅಂತು. ನಾನು ವಾಪಸ್ ಹೋಗಿರಲಿಲ್ಲ.

ಸೋಮವಾರ ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಚಟ್ನಿ ಮಾಡಿಕೊಂಡು ಹೋದೆ. ಆ ಹೆಂಗಸು ನಾಲ್ಕು ದಿನದಿಂದ ಟೀ, ಬನ್ನು ತಿಂದುಕೊಂಡು ವಾರ್ಡಿನ ಹೊರಗೆ ಕೂತಿದ್ದರು. ಅವರಿಗೆ ಬೇಕಿದ್ದದ್ದು ದುಡ್ಡೇ ಅಲ್ಲ. ಕೊಟ್ಟಿಗೆಯಲ್ಲಿದ್ದ ಎರಡು ದನಗಳನ್ನು ಪಕ್ಕದ ಮನೆಯವರು ಎಷ್ಟು ದಿನ ನೋಡಿಕೊಂಡಾರು? ಊರಿಗೆ ಹೋಗಿ ಬರುವಷ್ಟು ಹೊತ್ತು ಗಂಡನ ಹತ್ತಿರ ಯಾರಾದರೂ ಕೂರಬೇಕಿತ್ತು. ಆಯುಷ್ಮಾನ್ ಕೌಂಟರಿನಲ್ಲಿ ಬಿಪಿಎಲ್ ಕಾರ್ಡು ಹಿಡಿದು ಕ್ಯೂ ನಿಲ್ಲಬೇಕಿತ್ತು. ನಾನು ಕೂತೆ, ನಮ್ಮನೆಯವರು ಕ್ಯೂ ನಿಂತರು.

ಮೂರನೇ ದಿನ ಅವರು ಮೆಲ್ಲಗೆ ಕೇಳಿದರು, "ಅಕ್ಕಾ, ನೀವು ಯಾವ ಪೈಕಿ?" ನಮ್ಮ ಕಡೆ ಇದು ಸಹಜ. ಕ್ರಿಶ್ಚಿಯನ್ನರು ಅಂದೆ. "ಹೌದಾ" ಅಂತ ಹೇಳಿ ಗಂಜಿ ಲೋಟ ಇನ್ನೊಂದು ಸಲ ಮುಂದೆ ಹಿಡಿದರು, ಅಷ್ಟೇ. ಹೀಗೆ ಮಾಡುವಾಗ ಮತಾಂತರಕ್ಕಾ ಅಂತ ಕೇಳುವವರೂ ಇದ್ದಾರೆ, ನನಗೆ ನೋವಾಗುತ್ತದೆ. ಹಸಿದವರಿಗೆ ಅನ್ನ ಕೊಟ್ಟು ಅದಕ್ಕೆ ಹಗ್ಗ ಕಟ್ಟಿದರೆ ಅದು ಪ್ರೀತಿ ಹೇಗಾಗುತ್ತದೆ? ಸಮಾರ್ಯದವನು ಆ ಗಾಯಾಳುವಿನ ಹೆಸರೂ ಕೇಳಿದ ಅಂತ ಕಥೆಯಲ್ಲಿಲ್ಲ. ಕೇಳಿದ್ದರೆ ಯೇಸು ಹೇಳುತ್ತಿದ್ದ ಅಲ್ವಾ?

1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಒಜನಾಂ ಅನ್ನುವ 20 ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಶುರು ಮಾಡಿದ ವಿನ್ಸೆಂಟ್ ಡಿ ಪಾಲ್ ಸಭೆ ಅನ್ನುವ ಕ್ಯಾಥೊಲಿಕ್ ಸೇವಾ ಸಂಘದ ಮುಖ್ಯ ಕೆಲಸವೂ ಬಡವರ ಮನೆಗೆ ಹೋಗಿ ಅವರನ್ನು ಕಾಣುವುದೇ. ಕೊಟ್ಟು ಕಳಿಸುವುದಲ್ಲ, ಹೋಗುವುದು. ನನಗೆ ಇದು ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು.

ಬೈಕಿನಿಂದ ಬಿದ್ದಿದ್ದ ಅವರು ಹದಿನೇಳನೇ ದಿನ ಕೋಲು ಹಿಡಿದು ಊರಿಗೆ ಹೋದರು. ದೀಪಾವಳಿಗೆ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಬಸ್ಸಿನಲ್ಲಿ ಬಂತು. ಈಗ ನಮ್ಮ ಚರ್ಚಿನ ಐದು ಮನೆಯವರು ಸರದಿ ಮೇಲೆ ಆಸ್ಪತ್ರೆಗೆ ಹೋಗುತ್ತೇವೆ. ಗಂಜಿ ಫ್ಲಾಸ್ಕು ಸದ್ಯ ಹೊಸನಗರ ಕಡೆಯ ಒಬ್ಬ ಅಜ್ಜಿಯ ಹತ್ತಿರ ಇದೆ, ಅವರಿಗೆ ಚಟ್ನಿ ಖಾರ ಆಗಬಾರದಂತೆ. ಗುರುವಾರ ನನ್ನ ಸರದಿ.