ಇಸಿ (ಋಣಭಾರ ಪ್ರಮಾಣಪತ್ರ) ಕ್ಲೀನ್ ಇದೆ, ಸರಿ. ಜಮೀನಿನ ಮೂಲ ನೋಡಿದಿರಾ?

ಆನೇಕಲ್, ಯಲಹಂಕ, ದೇವನಹಳ್ಳಿ ಕಡೆಯ ಫೈಲ್ ಸ್ಕ್ರೂಟಿನಿಗೆ ಬಂದರೆ ಜೂನಿಯರ್ ವಕೀಲರು ಮೊದಲು ಕೈಗೆತ್ತಿಕೊಳ್ಳುವುದು ಇತ್ತೀಚಿನ ಕ್ರಯಪತ್ರ. ಅಲ್ಲಿಂದ ಇಸಿ ಹಿಡಿದು ಹಿಂದಕ್ಕೆ ಹೋಗಿ, 30 ವರ್ಷ ತುಂಬಿದ ಕೂಡಲೇ ನಿಲ್ಲುತ್ತಾರೆ. ಬ್ಯಾಂಕ್ ಸಾಲದ ಫೈಲ್ ನೋಡುವ ಪ್ಯಾನೆಲ್ ಕೆಲಸದಿಂದ ಅಂಟಿದ ಚಾಳಿ ಇದು. ಬೆಂಗಳೂರು ಸುತ್ತಿನ ಸಾಗುವಳಿ ಜಮೀನಿಗೆ ಇದು ಸಾಲದು. ಮೊದಲ ಖಾಸಗಿ ಕೈಗೆ ಈ ಜಮೀನು ಬಂದದ್ದು ಹೇಗೆ, ಮಂಜೂರಾಗಿಯೋ, ಇನಾಂ ರದ್ದಾಗಿಯೋ, ಗೇಣಿದಾರನಿಗೆ ಅಧಿಭೋಗದ ಹಕ್ಕು ಸಿಕ್ಕಿಯೋ, ಇಲ್ಲ ಹಿಂದಿನಿಂದಲೂ ಹಿಡುವಳಿಯೋ? ಕೆಲಸ ಶುರುವಾಗಬೇಕಾದ್ದು ಅಲ್ಲಿಂದ.

ಕಾರಣ ಸಂವಿಧಾನದಲ್ಲೇ ಇದೆ. ಏಳನೇ ಅನುಸೂಚಿಯ ಪ್ರಕಾರ ಭೂಮಿ ರಾಜ್ಯ ಪಟ್ಟಿಯ 18ನೇ ಬಾಬು. ದಸ್ತಾವೇಜು ಬರೆಯುವುದಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ, ನೋಂದಾಯಿಸುವುದಕ್ಕೆ 1908ರ ನೋಂದಣಿ ಕಾಯ್ದೆ, ಎರಡೂ ಕೇಂದ್ರದವು. ಆದರೆ ಆ ಜಮೀನನ್ನು ಮಾರಬಹುದೇ ಎಂದು ಹೇಳುವುದು ರಾಜ್ಯದ ಕಾಯ್ದೆ. ಹಾಗಾಗಿ ಅಚ್ಚುಕಟ್ಟಾಗಿ ಬರೆದು, ಪೂರ್ತಿ ಸ್ಟಾಂಪ್ ಡ್ಯೂಟಿ ಕಟ್ಟಿ ನೋಂದಾಯಿಸಿದ ಕ್ರಯಪತ್ರವೂ ಶೂನ್ಯವಾಗಬಹುದು. ತಮಿಳುನಾಡಿನ ಹೊಸೂರಿನ ಪಟ್ಟಾ (ಅಲ್ಲಿನ ಹಕ್ಕುಪತ್ರ) ನೋಡಿ ಪಳಗಿದವರು ಗಡಿಯ ಅತ್ತಿಬೆಲೆ ದಾಟಿ ಈಚೆ ಬಂದರೆ ಎಡವುವುದು ಇಲ್ಲೇ. ಬೇರೆ ರಾಜ್ಯದ ಒಪಿನಿಯನ್ (ವಕೀಲರ ಲಿಖಿತ ಅಭಿಪ್ರಾಯ) ಫಾರ್ಮ್ಯಾಟ್ ತಂದು ಹೆಸರು ಬದಲಿಸುವುದಂತೂ ಬೇಡವೇ ಬೇಡ.

ಹೆಚ್ಚು ಪೆಟ್ಟು ಕೊಡುವುದು 1978ರ ಪಿಟಿಸಿಎಲ್ ಕಾಯ್ದೆ, ಅಂದರೆ ಪರಿಶಿಷ್ಟ ಜಾತಿ, ಪಂಗಡಗಳ ಕೆಲವು ಜಮೀನುಗಳ ಪರಭಾರೆ (ಪರರಿಗೆ ವರ್ಗಾವಣೆ) ನಿಷೇಧ ಕಾಯ್ದೆ. ಜಾರಿಗೆ ಬಂದದ್ದು 1-1-1979ರಂದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಮಂಜೂರಾತಿಯ ಷರತ್ತು ಮೀರಿ ಮಾರಿದ್ದರೆ, ಆ ಮಾರಾಟ 1979ಕ್ಕಿಂತ ಮುಂಚಿನದಾದರೂ ಶೂನ್ಯ. ಕಾಯ್ದೆ ಬಂದ ಮೇಲಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಪೂರ್ವ ಎಂದರೆ ಕ್ರಯಕ್ಕೆ ಮುಂಚೆ, ಸರ್ಕಾರ ಎಂದರೆ ತಹಶೀಲ್ದಾರರಲ್ಲ. ಉಪವಿಭಾಗಾಧಿಕಾರಿ 5ನೇ ಕಲಂ ಅಡಿ ಜಮೀನನ್ನು ವಾಪಸ್ ಪಡೆದು ಮಂಜೂರುದಾರನಿಗೆ ಅಥವಾ ವಾರಸುದಾರರಿಗೆ ಕೊಡಬಹುದು. ನಡುವೆ ಎಷ್ಟು ಕೈ ಬದಲಾಗಿತ್ತು, ಕೊನೆಯವನು ಎಷ್ಟು ಹಣ ಕೊಟ್ಟಿದ್ದ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪು, ಅರ್ಜಿ ಸಮಂಜಸ ಅವಧಿಯೊಳಗೆ ಬರಬೇಕು ಎಂದಿತು. 2023ರ ತಿದ್ದುಪಡಿ ಕಾಲಮಿತಿ ಇಲ್ಲ ಎಂದು ಸೇರಿಸಿತು. ‘ಹಳೇದು ಬಿಡಿ ಸಾರ್, ಐವತ್ತು ವರ್ಷ ಆಯ್ತು’ ಎನ್ನುವ ಬ್ರೋಕರ್ ಮಾತು ಒಪಿನಿಯನ್‌ಗೆ ಆಧಾರವಾಗದು.

ಹಳೆಯ ಮಂಜೂರಾತಿ ಸಾಮಾನ್ಯವಾಗಿ ಇಸಿಯಲ್ಲಿ ಕಾಣದು. ಮಂಜೂರಾದವರಿಗೆ ಕೊಡುವ ಸಾಗುವಳಿ ಚೀಟಿ ಆಗ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತಿದ್ದ ಕಾಗದವೇ ಅಲ್ಲ. ಹುಡುಕಬೇಕಾದ್ದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಐಎಲ್ (ಇಂಡೆಕ್ಸ್ ಆಫ್ ಲ್ಯಾಂಡ್ಸ್), ಆರ್‌ಆರ್ (ಹಕ್ಕು ದಾಖಲೆ), ಎಲ್ಲ ಎಂಆರ್‌ಗಳು (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ದಾಖಲೆ), ಕೈಬರಹದ ಪಹಣಿ, ಇವುಗಳ ದೃಢೀಕೃತ ನಕಲಿಗೆ ಒಟ್ಟಿಗೇ ಅರ್ಜಿ ಹಾಕಿ. ಪಹಣಿಯ 10ನೇ ಕಾಲಂನಲ್ಲಿ ಸ್ವಾಧೀನ ಬಂದ ರೀತಿ ಇರುತ್ತದೆ. ಅಲ್ಲಿ ‘ದರಖಾಸ್ತು’ (ಸರ್ಕಾರಿ ಜಮೀನು ಕೋರಿದ ಅರ್ಜಿ), ‘ಮಂಜೂರು’ ಅಥವಾ ಮಂಜೂರಾತಿ ಕಡತದ ಎಲ್‌ಎನ್‌ಡಿ ಸಂಖ್ಯೆ ಕಂಡರೆ ಆ ಕಡತವನ್ನೇ ತರಿಸಿ: ಮಂಜೂರಾತಿ ಆದೇಶ, ಸಾಗುವಳಿ ಚೀಟಿ, ಮಂಜೂರುದಾರನ ಜಾತಿ, ಪರಭಾರೆ ಷರತ್ತು. ಷರತ್ತಿನ ಅವಧಿಯನ್ನು ಊಹಿಸಬೇಡಿ. ಯಾವ ವರ್ಷ, ಯಾವ ನಿಯಮದಡಿ ಮಂಜೂರಾಯಿತು ಎಂಬುದರ ಮೇಲೆ ಅದು ಬದಲಾಗುತ್ತದೆ, ಕೆಲವದರಲ್ಲಿ ಶಾಶ್ವತ ನಿಷೇಧವೇ ಇರುತ್ತದೆ. ಚೀಟಿಯ ಹಿಂಬದಿಯನ್ನೂ ಜೆರಾಕ್ಸ್ ಮಾಡಿಸಿ. ಷರತ್ತು ಅಚ್ಚಾಗಿರುವುದು ಬಹಳ ಸಲ ಹಿಂದೆಯೇ.

ಎರಡನೆಯದು ಗೇಣಿ. 1961ರ ಭೂಸುಧಾರಣೆ ಕಾಯ್ದೆಯ ತಿದ್ದುಪಡಿಯಂತೆ, 1-3-1974ಕ್ಕೆ ಗೇಣಿದಾರರ ಸಾಗುವಳಿಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿತು. ಆದ್ದರಿಂದ 1969-70ರಿಂದ 1974-75ರವರೆಗಿನ ಪಹಣಿಯಲ್ಲಿ ಸಾಗುವಳಿದಾರನ ಹೆಸರಿರುವ 12ನೇ ಕಾಲಂ ಬಿಡಬೇಡಿ. ಅಲ್ಲಿ ಖಾತೆದಾರನಲ್ಲದ ಹೆಸರು, ಪಕ್ಕದಲ್ಲಿ ‘ಗೇಣಿ’ ಅಥವಾ ‘ವಾರ’ ಎಂದಿದ್ದರೆ, ಆಮೇಲೆ ಮಾಲೀಕ ಮಾರಿದ ಕ್ರಯಪತ್ರದ ಬುಡವೇ ಅಲುಗುತ್ತದೆ. ಗೇಣಿದಾರನ ಅರ್ಜಿಯಾದ ನಮೂನೆ 7 ಸಲ್ಲಿಕೆಯಾಗಿತ್ತೇ, ಭೂನ್ಯಾಯಮಂಡಳಿ ಏನು ಆದೇಶಿಸಿತು, ಹೈಕೋರ್ಟ್ ಅದನ್ನು ಮತ್ತೆ ಮಂಡಳಿಗೆ ಕಳಿಸಿತೇ ಎಂದು ನೋಡಿ. ಅಧಿಭೋಗದ ಹಕ್ಕಿನ ಪ್ರಮಾಣಪತ್ರವಾದ ನಮೂನೆ 10 ಸಿಕ್ಕಿದ್ದರೆ 61ನೇ ಕಲಂನ 15 ವರ್ಷದ ಪರಭಾರೆ ನಿಷೇಧವನ್ನೂ ಎಣಿಸಿ.

ತೋಟಿ, ತಳವಾರ, ನೀರುಗಂಟಿಯಂಥ ಗ್ರಾಮ ಸೇವಕರಿಗೆ ಹುದ್ದೆಗಾಗಿ ಬಿಟ್ಟ ಇನಾಂ ಜಮೀನಾದರೆ ದಾರಿ ಬೇರೆ. ಅದಕ್ಕೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. ಕ್ರಯದ ದಿನಾಂಕವನ್ನು ಆ ಕಾಯ್ದೆ ಜಾರಿಯಾದ 1-2-1963 ಮತ್ತು ಅದರ ತಿದ್ದುಪಡಿ ಜಾರಿಯಾದ 7-8-1978ರ ಜೊತೆ ಹೋಲಿಸಿ. ವಂಶಪಾರಂಪರ್ಯ ಹುದ್ದೆಯ ಮರುಮಂಜೂರಾತಿ ಪಿಟಿಸಿಎಲ್‌ನ ‘ಮಂಜೂರಾದ ಜಮೀನು’ ವ್ಯಾಖ್ಯೆಯಿಂದ ಹೊರಗಿದೆ. ಎರಡನ್ನೂ ಒಂದೇ ಎಂದು ಬರೆದು ಒಳ್ಳೆಯ ಜಮೀನನ್ನು ಕೆಡಿಸುವವರೂ ಇದ್ದಾರೆ.

ಹೆಚ್ಚು ವರಮಾನದವರು, ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳು ಈಗಿಲ್ಲ. 2020ರ ತಿದ್ದುಪಡಿ ಅವನ್ನು 1974ರಿಂದಲೇ ಅನ್ವಯವಾಗುವಂತೆ ತೆಗೆಯಿತು. ಆದರೂ ಹಿಂದೆ ಮುಟ್ಟುಗೋಲಿನ ಆದೇಶವಾಗಿ ಪಹಣಿಯಲ್ಲಿ ಮಾಲೀಕನ ಹೆಸರಿರುವ 9ನೇ ಕಾಲಂಗೆ ‘ಸರ್ಕಾರ’ ಎಂದು ಬಂದುಹೋಗಿದೆಯೇ ಎಂದು ಒಮ್ಮೆ ನೋಡಿಬಿಡಿ.

ಮಂಜೂರಾತಿ ಸರಿಯಿದ್ದರೂ ಜಾಗವೇ ಇರದ ಫೈಲ್‌ಗಳಿವೆ. ಗೋಮಾಳದ ದೊಡ್ಡ ಸರ್ವೆ ನಂಬರಿನಲ್ಲಿ ಪೋಡಿ ದುರಸ್ತಿ (ಅಳೆದು ತುಂಡುಗಳಿಗೆ ಬೇರೆ ನಂಬರು ಕೊಡುವುದು) ಆಗದೆ, ಅದೇ ನಂಬರಿನ ಭಾಗಗಳಿಗೆ ಪೈಕಿ ಪಹಣಿಗಳು ಓಡುತ್ತಿರುತ್ತವೆ. ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್ ಪ್ರಕಾರ 12 ಎಕರೆ 20 ಗುಂಟೆ, ಅದರಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) 1-10 ಎನ್ನೋಣ, ಉಳಿಯುವುದು 11-10. ಪೈಕಿ ಪಹಣಿಗಳನ್ನೆಲ್ಲ ಕೂಡಿದರೆ 13-05 ಬಂದರೆ, 1 ಎಕರೆ 35 ಗುಂಟೆ ಕಾಗದದಲ್ಲಷ್ಟೇ ಇದೆ. ಎಕರೆಗೆ 40 ಗುಂಟೆ ಎಂಬುದನ್ನು ಮರೆತು ಕ್ಯಾಲ್ಕುಲೇಟರ್‌ನಲ್ಲಿ ದಶಮಾಂಶ ಹಾಕಿ ಕೂಡುವವರನ್ನು ನೋಡಿ ನಗು ಬರುತ್ತದೆ, ಆದರೆ ನಡೆಯುತ್ತದೆ. ಖರಾಬು ‘ಬ’ ಆಗಿದ್ದರೆ ಅದು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಮಾರುವ ವಿಸ್ತೀರ್ಣಕ್ಕೆ ಸೇರದು. ನಂಬರು ಒಡೆದು ಹೊಸದಾಗಿದ್ದರೆ ಹಳೆಯ ನಂಬರಿನ ಮೇಲೂ ಇಸಿ ತೆಗೆಸಿ.

ಕೊನೆಗೆ ಹಿಂಬರಹದ, ಅಂದರೆ ಅರ್ಜಿಗೆ ಕಚೇರಿ ಬರೆದುಕೊಡುವ ಉತ್ತರದ ಮಾತು. ‘ಪಿಟಿಸಿಎಲ್ ಪ್ರಕರಣ ದಾಖಲಾಗಿಲ್ಲ’ ಎಂದು ಉಪವಿಭಾಗಾಧಿಕಾರಿ ಕಚೇರಿ ಕೊಟ್ಟರೆ ಈ ದಿನದವರೆಗೆ ಕೇಸಿಲ್ಲ ಎಂದಷ್ಟೇ ಅರ್ಥ, ಕೇಸು ಬರುವುದಿಲ್ಲ ಎಂದಲ್ಲ. ‘ಕಡತ ಲಭ್ಯವಿಲ್ಲ’ ಎಂದು ತಹಶೀಲ್ದಾರ್ ಕಚೇರಿ ಬರೆದುಕೊಟ್ಟರೆ ಮಂಜೂರಾತಿಯೇ ಆಗಿಲ್ಲ ಎಂದು ಓದಬಾರದು. ಆಗ ದರಖಾಸ್ತು ರಿಜಿಸ್ಟರ್, ಸಾಗುವಳಿ ಚೀಟಿ ವಿತರಣೆಯ ರಿಜಿಸ್ಟರ್, ಅಕ್ಕಪಕ್ಕದ ಮಂಜೂರುದಾರರ ಆದೇಶ ತರಿಸಿ ನೋಡಿ. ಒಂದೇ ಆದೇಶದಲ್ಲಿ ಹಲವರ ಹೆಸರು ಇರುವುದುಂಟು. ಅಲ್ಲೂ ಸಿಗದಿದ್ದರೆ ಒಪಿನಿಯನ್‌ನಲ್ಲಿ ‘ಕ್ಲಿಯರ್ ಅಂಡ್ ಮಾರ್ಕೆಟಬಲ್’ ಎಂದು ಬರೆಯದೆ, ಯಾವ ದಾಖಲೆ ಸಿಗಲಿಲ್ಲ, ಯಾವ ಹಿಂಬರಹ, ಯಾವ ದಿನಾಂಕ ಎಂದು ಬರೆದು, ಮುಂಗಡ ಕೊಡುವ ಮುನ್ನವೇ ಕಕ್ಷಿದಾರರ ಕೈಗಿಡಿ.